ಎಲೆಯುದುರುವ ಅಜೇಲಿಯಾ: ಚಿಗುರೆಲ್ಲ ಹಳದಿ, ಹೂವೂ ಇಲ್ಲ

ಪ್ರಶ್ನೆ: ಪರಿಮಳಕ್ಕೆಂದೇ ತಂದ ಲೂಟಿಯಮ್ ಜಾತಿಯ ಹಳದಿ ಅಜೇಲಿಯಾವನ್ನು ಮನೆಯ ಗೋಡೆಯ ಪಕ್ಕದಲ್ಲೇ ನೆಟ್ಟಿದ್ದೇನೆ. ಹೊಸ ಎಲೆಗಳು ಹಳದಿ ತಿರುಗಿವೆ, ನರಗಳು ಮಾತ್ರ ಹಸಿರು. ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಕೊಟ್ಟಾಗ ತುಸು ಚೇತರಿಸಿಕೊಂಡು ಮತ್ತೆ ಹಾಗೆಯೇ ಆಗುತ್ತದೆ. ಚಳಿಗಾಲದಲ್ಲಿ ಗಿಡವನ್ನು ದುಂಡಗೆ ಕತ್ತರಿಸಿದ್ದೆ, ಈ ವಸಂತದಲ್ಲಿ ಒಂದು ಹೂವೂ ಬಿಡಲಿಲ್ಲ. ನಲ್ಲಿಯ ನೀರು ಗಡಸು. ಏನು ಮಾಡಲಿ?

ಉತ್ತರ: ಹೂವಿನ ವಿಷಯ ಸುಲಭ, ಮೊದಲು ಅದನ್ನೇ ಹೇಳುತ್ತೇನೆ. ಅಜೇಲಿಯಾ ಮುಂದಿನ ವರ್ಷದ ಹೂಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿಕೊಳ್ಳುತ್ತದೆ. ಕೊಂಬೆಯ ತುದಿಯಲ್ಲಿ ಪದರಪದರವಾಗಿ ಉಬ್ಬಿರುವುದು ಹೂವಿನ ಮೊಗ್ಗು, ಅದರ ಕೆಳಗಿನ ಸಣ್ಣ ಚೂಪು ಮೊಗ್ಗುಗಳು ಎಲೆಯವು. ಚಳಿಗಾಲದಲ್ಲಿ ತುದಿ ಕತ್ತರಿಸಿದರೆ ಹೂವೆಲ್ಲ ಹೋದಂತೆ. ಕತ್ತರಿಸಲೇಬೇಕಿದ್ದರೆ ಹೂ ಬಾಡಿದ ಕೂಡಲೇ ಕತ್ತರಿಸಿ.

ಹಳದಿಯ ಸಮಸ್ಯೆ ಇನ್ನೂ ಆಳದ್ದು. ಹಳೆಯ ಎಲೆಗಳು ಮೊದಲು ಬಣ್ಣಗೆಟ್ಟಿದ್ದರೆ ಸಾರಜನಕದ ಕೊರತೆ ಎನ್ನಬಹುದಿತ್ತು. ಚಿಗುರೆಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಪಿಎಚ್ (ಮಣ್ಣಿನ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಆಮ್ಲೀಯ) ಏರಿದಾಗ ಕರಗದೆ ಬೇರಿಗೆ ದಕ್ಕುವುದಿಲ್ಲ. ಈ ಗಿಡಗಳಿಗೆ 4.5ರಿಂದ 6ರೊಳಗಿನ ಪಿಎಚ್ ಬೇಕು. ಗೋಡೆಯ ಗಾರೆಯಿಂದ ಪಿಎಚ್ ಏರಿಸುವ ಸುಣ್ಣದ ಅಂಶ ಮಣ್ಣಿಗಿಳಿಯುತ್ತದೆ, ಗಡಸು ನೀರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ದಯವಿಟ್ಟು ಸಲ್ಫೇಟ್ ನಿಲ್ಲಿಸಿ, ಗೋಡೆಯ ಬದಿಯಲ್ಲೂ ಆಚೆ ಬದಿಯಲ್ಲೂ ಪಿಎಚ್ ಅಳೆದು ತಿಳಿಸಿ.

ಮರುಪ್ರಶ್ನೆ: ಗೋಡೆಯ ಬದಿ 7.4, ಆಚೆ 6.8. ಗಂಧಕ ಹಾಕಲೇ? ಅಲ್ಯೂಮಿನಿಯಂ ಸಲ್ಫೇಟ್ ಬೇಗ ಕೆಲಸ ಮಾಡುತ್ತದೆ ಎನ್ನುತ್ತಾರೆ.

ಉತ್ತರ: ಅಲ್ಯೂಮಿನಿಯಂ ಬೇಡವೇ ಬೇಡ, ಅದು ಹೆಚ್ಚಾದರೆ ಬೇರಿಗೆ ವಿಷ. ಗಂಧಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಗೋಡೆ ಮತ್ತಷ್ಟು ಸುಣ್ಣ ಇಳಿಸಿರುತ್ತದೆ. ನನ್ನನ್ನು ಕೇಳಿದರೆ ಗಿಡದ ಜಾಗವನ್ನೇ ಬದಲಿಸಿ. ಎಲೆ ಉದುರಿ ಗಿಡ ಸುಪ್ತವಾಗಿರುವಾಗ ಈ ಕೆಲಸ ಅಂದುಕೊಂಡಷ್ಟು ಕಷ್ಟವಲ್ಲ. ಕೂದಲೆಳೆಯಂಥ ಬೇರುಗಳು ಮೇಲ್ಮಣ್ಣಿನಲ್ಲೇ ಒತ್ತಾಗಿ ಹೆಣೆದುಕೊಂಡಿರುವುದರಿಂದ ಅಗಲವಾಗಿ ಅಗೆದರೆ ಗಿಡ ಮಣ್ಣಿನ ಹೆಂಟೆಯ ಸಮೇತ ಏಳುತ್ತದೆ.

ಗೋಡೆಯಿಂದ ದೂರ, ಬೆಳಗಿನ ಬಿಸಿಲು ಬೀಳುವಲ್ಲಿ ಏರುಮಡಿ ಮಾಡಿ, ಆಮ್ಲೀಯ ಮಣ್ಣಿಗೆ ಕಳಿತ ಪೈನ್ ತೊಗಟೆ ಬೆರೆಸಿ ನೆಡಿ. ಹೆಂಟೆಯ ಮೇಲ್ಭಾಗ ಸುತ್ತಲಿನ ಮಣ್ಣಿಗಿಂತ ತುಸು ಮೇಲೆಯೇ ಇರಲಿ, ಆಳವಾಗಿ ನೆಟ್ಟರೆ ಬೇರು ಉಸಿರುಗಟ್ಟುತ್ತದೆ. ಮೇಲೆ ಪೈನ್ ಎಲೆಗಳನ್ನು 5–8 ಸೆಂ.ಮೀ. ದಪ್ಪಕ್ಕೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಬುಡ ಕೆದಕಬೇಡಿ. ಸಾಧ್ಯವಾದಷ್ಟೂ ಮಳೆನೀರನ್ನೇ ಸಂಗ್ರಹಿಸಿ ಹಾಕಿ.

ಅಲ್ಲಿಯವರೆಗೆ ಕೀಲೇಟ್ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಕರಗಿಯೇ ಉಳಿಯುವಂತೆ ಸಾವಯವ ಅಣುವಿನೊಂದಿಗೆ ಬೆಸೆದ ಕಬ್ಬಿಣ, ಕೊಡಿ. ಮಣ್ಣಿಗೆ ಹಾಕುವುದಾದರೆ ಇಡಿಡಿಎಚ್‌ಎ ರೂಪದ್ದನ್ನೇ ಕೇಳಿ ತನ್ನಿ, ಇಡಿಟಿಎ ರೂಪದ್ದು ನಿಮ್ಮ ಮಣ್ಣಿನ ಪಿಎಚ್‌ನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಫಲಿತಾಂಶವನ್ನು ಹಳೆಯ ಎಲೆಗಳಲ್ಲಿ ಹುಡುಕದೆ ಹೊಸ ಚಿಗುರಿನಲ್ಲಿ ನೋಡಿ. ಇನ್ನೊಂದು ಮಾತು, ಕತ್ತರಿಸಿದ ಕೊಂಬೆಗಳು ಸಾಕುಪ್ರಾಣಿಗಳ ಬಾಯಿಗೆ ಸಿಗದಿರಲಿ. ಲೂಟಿಯಮ್‌ನ ಎಲೆ, ಹೂ, ಮಕರಂದ ಎಲ್ಲದರಲ್ಲೂ ಗ್ರಯಾನೊಟಾಕ್ಸಿನ್ ಎಂಬ ವಿಷವಿದೆ.