ಹಳೆ ವಿ-ಕ್ರಾಸ್‌ಗೆ ಫಾರ್ಚೂನರ್ ಅಲಾಯ್ ಕೂರುತ್ತಾ?

ಪ್ರಶ್ನೆ (ಸಕಲೇಶಪುರದ ಸದಸ್ಯರು):
ನಮಸ್ಕಾರ ಸರ್. ನನ್ನದು 2016ರ ಇಸುಜು ವಿ-ಕ್ರಾಸ್ ಪಿಕಪ್. ತೋಟಕ್ಕೂ ಮನೆಗೂ ಅದೊಂದೇ ಗಾಡಿ. ಕಂಪನಿಯ 16 ಇಂಚಿನ ಅಲಾಯ್‌ಗಳಲ್ಲಿ ಎರಡು ಗುಂಡಿಗೆ ಬಿದ್ದು ಬಾಗಿವೆ. ಇನ್ನೊಂದರ ಒಳಅಂಚಿನಲ್ಲಿ ಸಣ್ಣ ಬಿರುಕು ಕಾಣುತ್ತಿದೆ. ಹಾಸನದಲ್ಲಿ ಒಬ್ಬರು ಫಾರ್ಚೂನರ್‌ಗೆ ದೊಡ್ಡ ರಿಮ್ ಹಾಕಿಸಿ, ಬಿಚ್ಚಿದ 17 ಇಂಚಿನ ಕಂಪನಿ ಅಲಾಯ್ ನಾಲ್ಕೂ ಮಾರುತ್ತಿದ್ದಾರೆ. ಎರಡು ಗಾಡಿಗೂ ಆರು ಹೋಲ್. ಒಂದನ್ನು ತಂದು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಇಟ್ಟು ನೋಡಿದೆ, ಸಲೀಸಾಗಿ ಕೂತಿತು. ಅಂಗಡಿಯವರು "ಕೂತಿತಲ್ಲ, ಇನ್ನೇನು ನೋಡ್ತೀರಿ" ಅಂತಾರೆ. ತಗೊಳ್ಳಲಾ?

ಉತ್ತರ:
ಮೊದಲು ಬಿರುಕು ಬಿಟ್ಟ ರಿಮ್ ಬಿಚ್ಚಿ ಸ್ಟೆಪ್ನಿ ಹಾಕಿಬಿಡಿ ಸರ್. ಅದನ್ನು ವೆಲ್ಡಿಂಗ್ ಮಾಡಿಸಬೇಡಿ. ಶಿರಾಡಿ ಇಳಿಯುವ ಗಾಡಿಗೆ ವೆಲ್ಡಿಂಗ್ ಮಾಡಿದ ಅಲಾಯ್ ಬೇಡವೇ ಬೇಡ.

ಸಲೀಸಾಗಿ ಕೂತಿತು ಅಂದಿರಲ್ಲ, ನನಗೆ ಯೋಚನೆ ಬಂದಿದ್ದೇ ಅಲ್ಲಿ. ನಟ್ ಕೂರುವ ಬೋಲ್ಟಿಗೆ ಸ್ಟಡ್ ಅಂತಾರೆ, ಆ ಸ್ಟಡ್‌ಗಳ ನಡುಬಿಂದು ಹಾದುಹೋಗುವ ವೃತ್ತದ ವ್ಯಾಸಕ್ಕೆ ಪಿಸಿಡಿ. ಅದು ಎರಡಕ್ಕೂ 139.7 ಮಿಮೀ. ಹಾಗಾಗಿ ಹೋಲ್ ಹೊಂದುತ್ತವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ರಿಮ್ಮಿನ ನಡುವಿನ ದೊಡ್ಡ ತೂತು ಟೊಯೊಟಾದ್ದು 106.1 ಮಿಮೀ, ನಿಮ್ಮ ಹಬ್ 100 ಮಿಮೀ ಆಸುಪಾಸು. ಅಂದರೆ ಸುತ್ತಲೂ 3 ಮಿಮೀ ಸಡಿಲ. ಆ ಸಡಿಲ ಇದ್ದುದಕ್ಕೇ ಅಷ್ಟು ಸಲೀಸಾಗಿ ಕೂತಿದ್ದು.

ಈಗ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಒಂದು ನಟ್ ಬಿಚ್ಚಿ ಕೈಯಲ್ಲಿ ಹಿಡಿದು ಅದರ ಬಾಯಿ ನೋಡಿ. ಫಾರ್ಚೂನರ್‌ನವರ ಹತ್ತಿರ ಇರುವ ನಟ್ಟನ್ನೂ ನೋಡಿ. ಎರಡರ ಫೋಟೋ ಹಾಕಿ. ರಿಮ್ ಹಿಂದೆ ಇರುವ ಅಂಕಿಗಳನ್ನೂ ಬರೆದು ಕಳಿಸಿ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ನನ್ನ ನಟ್ ಬಾಯಿ ಕಡೆ ಸಪೂರ ಆಗುತ್ತಾ ಹೋಗಿದೆ. ಅವರದ್ದು ಬೇರೆ ಥರ. ಚಪ್ಪಟೆ ವಾಷರ್ ಇದೆ, ಅದರ ಮುಂದೆ ಕೊಳವೆಯಂಥ ಕತ್ತು. ರಿಮ್ ಹಿಂದೆ ನನ್ನದರಲ್ಲಿ 16x7, 33 ಅಂತಿದೆ. ಅವರದ್ದರಲ್ಲಿ 17x7.5, 30.

ಉತ್ತರ:
ಇದೇ ಬೇಕಾಗಿತ್ತು ನನಗೆ. ನಿಮ್ಮದು ಟೇಪರ್ ನಟ್. ಬಿಗಿಯುತ್ತಾ ಹೋದಂತೆ ಅದು ರಿಮ್ಮನ್ನು ನಡುಮಧ್ಯಕ್ಕೆ ಎಳೆದುಕೊಳ್ಳುತ್ತದೆ. ಟೊಯೊಟಾ ಅಲಾಯ್‌ನ ಹೋಲ್ ನೆಟ್ಟಗೆ, ಅದರ ಮುಖ ಚಪ್ಪಟೆ. ಅದರೊಳಗೆ ಟೇಪರ್ ನಟ್ ಹಾಕಿದರೆ ಹೋಲಿನ ಅಂಚಿಗೆ ಒಂದು ಗೆರೆಯಷ್ಟು ಮಾತ್ರ ತಾಗುತ್ತದೆ. ಬಿಗಿಯುವಾಗ ಗಟ್ಟಿಯಾದ ಹಾಗೇ ಅನಿಸುತ್ತದೆ. ಓಡಿಸುತ್ತಾ ಓಡಿಸುತ್ತಾ ಆ ಅಂಚು ಸವೆಯುತ್ತದೆ, ನಟ್ ಸಡಿಲವಾಗುತ್ತದೆ, ಕಡೆಗೆ ಸ್ಟಡ್ ಮುರಿಯುತ್ತದೆ. ನನ್ನ ಅಂಗಡಿಗೆ ಹೀಗೆ ಎರಡು ಸ್ಟಡ್ ಮುರಿದುಕೊಂಡು ಬಂದ ಗಾಡಿ ನೋಡಿದ್ದೇನೆ. ಒಳಗೆ ಮಕ್ಕಳಿದ್ದರು. ಅವತ್ತಿನಿಂದ ನಟ್ ನೋಡದೆ ಯಾರಿಗೂ ರಿಮ್ ಹಾಕಿಕೊಟ್ಟಿಲ್ಲ.

ಹಾಗಾಗಿ ಅಲಾಯ್ ಜೊತೆಗೇ ಅವರ ವಾಷರ್ ನಟ್ 24ನ್ನೂ ಕೇಳಿ ತಗೊಳ್ಳಿ. ನಟ್ಟಿನ ಮರೆ (ಥ್ರೆಡ್) ಎರಡು ಗಾಡಿಗೂ ಒಂದೇ, 12x1.5. ಮೊದಲು ಕೈಯಲ್ಲೇ ತಿರುಗಿಸಿ. ಬಿಗಿಯಾಗುವ ಮುಂಚೆ ಕನಿಷ್ಠ ಎಂಟು ಸುತ್ತು ಹೋಗಬೇಕು.

ಆದರೆ ವಾಷರ್ ನಟ್ ರಿಮ್ಮನ್ನು ನಡುಮಧ್ಯಕ್ಕೆ ತರುವುದಿಲ್ಲ. ಆ ಕೆಲಸ ನಡುವಿನ ತೂತಿನದ್ದು. ನಿಮ್ಮಲ್ಲಿ ಅದೇ ಸಡಿಲ ಅಲ್ವಾ? ಅದಕ್ಕೇ ಆ ಸಂದು ತುಂಬುವ ಹಬ್ ರಿಂಗ್ ಬೇಕು. ವರ್ನಿಯರ್‌ನಲ್ಲಿ (ನಿಖರವಾಗಿ ಅಳೆಯುವ ಸಾಧನ) ಹಬ್ಬನ್ನೂ ತೂತನ್ನೂ ಅಳೆದು, ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಂಗ್ ನಾಲ್ಕು ಮಾಡಿಸಿ. ಪ್ಲಾಸ್ಟಿಕ್‌ದು ಬೇಡ. ಘಾಟಿಯಲ್ಲಿ ಬ್ರೇಕ್ ಕಾದು ಹಬ್ ಬಿಸಿಯಾಗುವಾಗ ಅದು ಮೆತ್ತಗಾಗುತ್ತದೆ. ರಿಂಗ್ ಬೆರಳಲ್ಲಿ ಒತ್ತಿದರೆ ಕೂರಬೇಕು, ಸುತ್ತಿಗೆ ಹಿಡಿಯುವ ಹಾಗಿರಬಾರದು. ಅದರ ಅಂಚು ರಿಮ್ಮಿಗೂ ಹಬ್ಬಿಗೂ ನಡುವೆ ಸಿಕ್ಕಿಕೊಳ್ಳಲೂ ಬಾರದು.

ರಿಂಗ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಎಷ್ಟೋ ಜನ ಇಲ್ಲೇ ದುಡ್ಡು ಕಳೆಯುತ್ತಾರೆ. ಬ್ಯಾಲೆನ್ಸಿಂಗ್ ಮೆಷಿನ್ ರಿಮ್ಮನ್ನು ಹಿಡಿಯುವುದೇ ನಡುವಿನ ತೂತಿನಲ್ಲಿ. ಅಲ್ಲಿ ಸೊನ್ನೆ ತೋರಿಸುತ್ತದೆ. ಗಾಡಿಗೆ ಹಾಕಿ 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಮತ್ತೆ ಬ್ಯಾಲೆನ್ಸಿಂಗ್, ಮತ್ತೆ ಅಲೈನ್‌ಮೆಂಟ್. ಸುಮ್ನೆ ಅಲೆದಾಟ.

ಅಗಲದ ಲೆಕ್ಕ ಚಿಕ್ಕದು. ಅರ್ಧ ಇಂಚು ಜಾಸ್ತಿ, ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ) 3 ಮಿಮೀ ಕಡಿಮೆ. ಹೊರಗೆ 9 ಮಿಮೀ ಚಾಚುತ್ತದೆ, ಒಳಗೆ 3 ಮಿಮೀ ಹತ್ತಿರವಾಗುತ್ತದೆ. ತೊಂದರೆ ಇಲ್ಲ. ಆದರೂ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ರಿಮ್ ಜೊತೆಗೆ 265/65 ಆರ್17 ಟೈರ್ ಕೂಡ ಕೊಡ್ತೀನಿ ಅಂತಿದ್ದಾರೆ, ಅರ್ಧ ಸವೆದಿವೆ. ಅದನ್ನೇ ಹಾಕಲಾ?

ಉತ್ತರ:
ಬೇಡ ಸರ್. ನಿಮ್ಮ 245/70 ಆರ್16 ಎತ್ತರ 749 ಮಿಮೀ. ಅದು 776. ಮೀಟರ್ 100 ತೋರಿಸುವಾಗ ಗಾಡಿ 103, 104ರಲ್ಲಿ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಸ್ಟೆಪ್ನಿ. ಅದು 16 ಇಂಚಿನದ್ದೇ ಉಳಿಯುತ್ತದೆ ಅಲ್ವಾ? ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಪಂಕ್ಚರ್ ಆಗಿ ಅದನ್ನು ಹಾಕಿದಿರಿ ಅಂತಿಟ್ಟುಕೊಳ್ಳಿ. ಒಂದು ಚಕ್ರ ಗಿಡ್ಡ, ಮೂರು ಎತ್ತರ. ಹಾಗೇ ಫೋರ್ ವೀಲ್ ಹಾಕಿದರೆ, ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಎಳೆತ ಬೀಳುತ್ತದೆ.

245/65 ಆರ್17 ಹಾಕಿ. ಎತ್ತರ 750 ಮಿಮೀ, ನಿಮ್ಮ ಹಳೆ ಟೈರಿಗಿಂತ ಒಂದೇ ಮಿಮೀ ಹೆಚ್ಚು. ಸ್ಕಾರ್ಪಿಯೊ-ಎನ್‌ಗೆ ಬರುವ ಸೈಜ್ ಅದು, ಹಾಗಾಗಿ ಹುಡುಕುವ ಕಷ್ಟ ಇಲ್ಲ. ಟೈರ್ ಮೇಲಿನ ಲೋಡ್ ಅಂಕಿ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. 107 ಅಂದರೆ ಒಂದು ಟೈರಿಗೆ 975 ಕೆಜಿ, 111 ಅಂದರೆ 1090. ಹಿಂದೆ ಕಾಫಿ ಮೂಟೆ ಹೇರುವವರು ನೀವು, ಇದನ್ನು ನೋಡಲೇಬೇಕು.

ಇನ್ನೊಬ್ಬ ಸದಸ್ಯರು:
ಅಣ್ಣಾ, ನಡುವೆ ಕೇಳ್ತಿದ್ದೀನಿ. ನಮ್ಮ ಹಳೆ ಪಿಕಪ್‌ಗೆ ಐದೇ ಸ್ಟಡ್. ಎದುರು-ಬದುರು ಇಲ್ಲವಲ್ಲ, ಪಿಸಿಡಿ ಅಳೆಯೋದು ಹೇಗೆ?

ಉತ್ತರ:
ಪಕ್ಕಪಕ್ಕದ ಎರಡು ಸ್ಟಡ್ ಹಿಡಿಯಿರಿ ತಮ್ಮ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಆಗ ನಡುಬಿಂದು ಹುಡುಕುವ ಗೋಜು ಇಲ್ಲ. ಬಂದದ್ದನ್ನು 1.7ರಿಂದ ಗುಣಿಸಿ. 82 ಆಸುಪಾಸು ಬಂದರೆ 139.7, 67 ಆಸುಪಾಸು ಬಂದರೆ 114.3. ಟೇಪ್ ನಂಬಬೇಡಿ, ವರ್ನಿಯರ್ ತಗೊಳ್ಳಿ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ):
ಸರ್, ಹಾಕಿಸಿದೆ. ರಿಂಗ್ ಲೇತ್‌ನಲ್ಲೇ ಮಾಡಿಸಿದ್ದು, ಬೆರಳಲ್ಲಿ ಒತ್ತಿದರೆ ಟಪ್ ಅಂತ ಕೂತಿತು. ನಟ್ ಕೈಯಲ್ಲೇ ಒಂಬತ್ತು ಸುತ್ತು ಹೋಯಿತು. ನಿನ್ನೆ ಮಂಗಳೂರಿಗೆ ಹೋಗಿ ಬಂದೆ, ನೂರರಲ್ಲೂ ಸ್ಟೇರಿಂಗ್ ಅಲುಗಲಿಲ್ಲ.

ಉತ್ತರ:
ಕೇಳಿ ಸಮಾಧಾನ ಆಯಿತು ಸರ್. ಮಂಗಳೂರು ಹೋಗಿ ಬಂದಿದ್ದೀರಿ ಅಂದರೆ ನೂರು ಕಿಲೋಮೀಟರ್ ದಾಟಿಯಾಯಿತು. ಇವತ್ತೇ ಟಾರ್ಕ್ ಪಾನಾ (ಬಿಗಿ ಎಷ್ಟು ಅಂತ ಅಳೆಯುವ ಪಾನಾ) ಇರುವ ಕಡೆ ಹೋಗಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿ ಇದೆಯಾ ಅಂತ ಇನ್ನೊಮ್ಮೆ ನೋಡಿಸಿ. ಹಳೆ ಟೇಪರ್ ನಟ್ ಎಸೆಯಬೇಡಿ. ಆರನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಗಾಡಿಯಲ್ಲೇ ಇಡಿ. ಸ್ಟೆಪ್ನಿ ಹಾಕುವ ದಿನ ಬೇಕಾಗುವುದು ಅವೇ.