ಸಹಾಯ ಬೇಕು: ಪುಟ್ಟ ಮಕ್ಕಳಿಗೆ ಪಿರಮಿಡ್, ಸ್ಟೋನ್‌ಹೆಂಜ್ ತೋರಿಸೋದಕ್ಕೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ನಮ್ಮ ಶಿಶುವಿಹಾರದಲ್ಲಿ 4–5 ವರ್ಷದ 20 ಮಕ್ಕಳಿದ್ದಾರೆ. ಪುಸ್ತಕದ ಚಿತ್ರದಲ್ಲಿ ಪಿರಮಿಡ್ಡೂ ಒಂಟೆಯೂ ಒಂದೇ ಗಾತ್ರ, ಹಾಗಾಗಿ ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದೇವೆ.

ಗೀಜಾದ ದೊಡ್ಡ ಪಿರಮಿಡ್ಡಿನ ತಳ ಸುಮಾರು 230 ಮೀಟರ್, ಮೊದಲಿದ್ದ ಎತ್ತರ ಸುಮಾರು 146.6. ಸಾವಿರಕ್ಕೊಂದರ ಅಳತೆಯಲ್ಲಿ ತಳ 23 ಸೆಂ.ಮೀ. ಆದರೆ ರಟ್ಟಿನ ತ್ರಿಕೋನದ ಎತ್ತರ 18.6 ಸೆಂ.ಮೀ. ಇರಬೇಕು. ಪಿರಮಿಡ್ಡಿನ ಎತ್ತರವನ್ನೇ ಹಿಡಿದು 14.7ಕ್ಕೆ ಕತ್ತರಿಸಿದರೆ ಮುಖಗಳು ಒಳಕ್ಕೆ ವಾಲಿ ಇಡೀ ಪಿರಮಿಡ್ ಬರೀ 9 ಸೆಂ.ಮೀ. ಎತ್ತರದ ಕುಳ್ಳ ಆಗುತ್ತದೆ. ಪಕ್ಕದಲ್ಲಿ ಒಂದು ಸಾಸಿವೆ ಕಾಳು ಇಡಿ, ಅದೇ ಮನುಷ್ಯ. ಮಕ್ಕಳು ಬಾಯಿ ಬಿಡೋದು ಆ ಕಾಳಿಗೇ!

ಸಿಕ್ಕಿಹಾಕಿಕೊಂಡಿರೋದು ಇಂಗ್ಲೆಂಡಿನ ಪುರಾತನ ಕಲ್ಲುಕಂಬಗಳ ವೃತ್ತವಾದ ಸ್ಟೋನ್‌ಹೆಂಜ್‌ನಲ್ಲಿ. ಅಲ್ಲಿ ಕಂಬದ ತಲೆಯ ಗೂಟ ಅಡ್ಡಗಲ್ಲಿನ ಕುಳಿಯಲ್ಲಿ ಕೂರುತ್ತದೆ, ಥೇಟ್ ಬಡಗಿ ಕೆಲಸ. ಕೆರೆಮಣ್ಣಲ್ಲಿ ಮಾಡಿದಾಗ ಕಂಬ ಮೊದಲೇ ಒಣಗಿ ಅಡ್ಡಗಲ್ಲು ಹಸಿಯಿದ್ದರೆ, ಅದು ಗೂಟದ ಸುತ್ತ ಕುಗ್ಗಿ ಬಿರಿಯುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಮಾಡಿ, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಮರಳು ಹಾಕಿ, ನೆರಳಲ್ಲಿ ಒಣಗಿಸಿದರೂ ಕುಳಿಯ ಅಂಚಲ್ಲಿ ಕೂದಲೆಳೆ ಬಿರುಕು ಉಳಿದಿದೆ. ಕುಂಬಾರಿಕೆ ಬಲ್ಲವರು ದಯವಿಟ್ಟು ಹದ ಹೇಳಿ.

ದಾವಣಗೆರೆ ಕಡೆಯ ಬಟ್ಟೆ ಅಂಗಡಿಯವರ ಹತ್ತಿರ ಹಳೇ ರಟ್ಟಿನ ಪೆಟ್ಟಿಗೆ ಇದ್ದರೆ ತಿಳಿಸಿ, 80 ತ್ರಿಕೋನ ಬೇಕು.

ಇನ್ನೊಂದು: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಕಲ್ಲುವೃತ್ತಗಳ ಫೋಟೊ ಯಾರಲ್ಲಾದರೂ ಇದೆಯೇ? ಅವು ಸಮಾಧಿಗಳು, ಸ್ಟೋನ್‌ಹೆಂಜ್‌ನ ನಂಟಿಲ್ಲ. ಆದರೂ ನಮ್ಮ ಜಿಲ್ಲೆಯ ದುಂಡುಗಲ್ಲಿನ ಸಾಲು ಮೊದಲು ನೋಡಲಿ ಅಂತ. ಪಕ್ಕದಲ್ಲಿ ಒಬ್ಬರು ನಿಂತಿರುವ ಫೋಟೊ ಆಗಬೇಕು, ಇಲ್ಲದಿದ್ದರೆ ಗಾತ್ರ ತಿಳಿಯಲ್ಲ.