ಹಲ್ಲಿ ಗಾಜಿನ ಮೇಲೂ ಜಾರುವುದಿಲ್ಲ ಯಾಕೆ?

ಪ್ರಶ್ನೆ: ಮೇಡಂ, ಹಲ್ಲಿ ಕಿಟಕಿ ಗಾಜಿನ ಮೇಲೆ ಸರಸರ ಓಡುತ್ತದೆ, ಸೀಲಿಂಗ್‌ನಲ್ಲಿ ತಲೆಕೆಳಗಾಗಿ ಕೂರುತ್ತದೆ. ಕಾಲಲ್ಲಿ ಅಂಟು ಇರುತ್ತದಾ? ಗಾಳಿ ಹೀರಿ ಕಚ್ಚಿಕೊಳ್ಳುತ್ತದೆ ಅಂತಲೂ ಯಾರೋ ಹೇಳಿದರು.

ಉತ್ತರ: ಎರಡೂ ಅಲ್ಲ. ಅಂಟು ಸುರಿಸುವ ಗ್ರಂಥಿಯೇ ಅದರ ಪಾದದಲ್ಲಿಲ್ಲ. ಗಾಳಿ ಪೂರ್ತಿ ತೆಗೆದ ಜಾಗದಲ್ಲೂ ಪಾದ ಹಿಡಿದೇ ಇರುತ್ತದೆ, ಹಾಗಾಗಿ ಹೀರುವ ಮಾತೂ ನಿಲ್ಲುವುದಿಲ್ಲ.

ಹಲ್ಲಿ ಗಾಜಿನ ಆಚೆ ಕೂತಾಗ ಈಚೆಯಿಂದ ಅದರ ಬೆರಳು ನೋಡಿ. ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳಿವೆ ಅಲ್ವಾ? ಅವುಗಳ ತುಂಬ ಬರಿಗಣ್ಣಿಗೆ ಕಾಣದ ಕೂದಲುಗಳು. ಟೋಕೇ ಎಂಬ ದೊಡ್ಡ ಜಾತಿಯ ಹಲ್ಲಿಯಲ್ಲಿ ಒಂದು ಚದರ ಮಿಲಿಮೀಟರ್ ಜಾಗಕ್ಕೆ ಸುಮಾರು 14,000! ಒಂದೊಂದು ಕೂದಲೂ ತುದಿಯಲ್ಲಿ ನೂರಾರು ಕವಲಾಗುತ್ತದೆ. ಕವಲಿನ ಕೊನೆ ಚಪ್ಪಟೆ, ಅಗಲ ಬರೀ 200 ನ್ಯಾನೋಮೀಟರ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗ. ಇಷ್ಟು ಸಣ್ಣದಾದ್ದರಿಂದ ಅದು ಗಾಜಿಗೆ ತೀರಾ ಹತ್ತಿರ ಹೋಗಬಲ್ಲದು. ಆಗ ಎರಡೂ ಕಡೆಯ ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಇದೇ ವ್ಯಾನ್ ಡರ್ ವಾಲ್ಸ್ ಬಲ. ಒಂದು ತುದಿಯ ಸೆಳೆತ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಕೋಟಿಗಟ್ಟಲೆ ತುದಿಗಳು ಸೇರಿದರೆ ಹಲ್ಲಿಯ ತೂಕ ಏನೇನೂ ಅಲ್ಲ. ನೀರನ್ನು ಸೆಳೆಯುವ ಮೇಲ್ಮೈ, ನೀರನ್ನು ದೂಡುವ ಮೇಲ್ಮೈ ಎರಡರ ಮೇಲೂ ಪಾದ ಒಂದೇ ಥರ ಹಿಡಿಯುತ್ತದೆ ಎಂದು 2002ರಲ್ಲಿ ಪ್ರಯೋಗ ಮಾಡಿ ತೋರಿಸಿದ ಮೇಲೆ ಈ ವಿವರಣೆಗೆ ಬಲ ಬಂತು.

ಪ್ರಶ್ನೆ: ಅಷ್ಟು ಗಟ್ಟಿಯಾಗಿ ಹಿಡಿದರೆ ಮತ್ತೆ ಓಡುವುದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದಿರಿ. ನನ್ನ ಮಟ್ಟಿಗೆ ಹಿಡಿಯುವುದಕ್ಕಿಂತ ಬಿಡುವುದೇ ದೊಡ್ಡ ವಿಷಯ. ಆ ಕೂದಲುಗಳು ಸುಮ್ನೆ ತಾಗಿದರೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಪಾದ ಊರಿ, ತುಸು ಮೈಕಡೆಗೆ ಎಳೆದುಕೊಂಡರೆ ಹಿಡಿತ ಕೂರುತ್ತದೆ. ಕೂದಲು ಮತ್ತು ಗೋಡೆಯ ನಡುವಿನ ಕೋನ 30 ಡಿಗ್ರಿ ದಾಟಿತೋ, ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಹಲ್ಲಿ ಹೆಜ್ಜೆ ಎತ್ತುವಾಗ ಬೆರಳನ್ನು ತುದಿಯಿಂದ ಹಿಂದಕ್ಕೆ ಸುರುಳಿ ಸುತ್ತುತ್ತದೆ, ನಾವು ಟೇಪನ್ನು ಅಂಚಿನಿಂದ ಸುಲಿಯುವ ಹಾಗೆ. ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಲ್ಲಿ ಇದು ಮುಗಿದಿರುತ್ತದೆ. ಕಣ್ಣಿಗೆ ಸಿಗುವುದಿಲ್ಲ, ನಿಧಾನಗತಿಯ ವಿಡಿಯೋ ಸಿಕ್ಕರೆ ಖಂಡಿತ ನೋಡಿ.

ಪ್ರಶ್ನೆ (ಇನ್ನೊಬ್ಬರು): ಬಚ್ಚಲಿನ ಒದ್ದೆ ಟೈಲ್ಸ್ ಮೇಲೆ ಜಾರಿ ಬೀಳುತ್ತದಲ್ಲ?

ಉತ್ತರ: ಹೌದು, ನೀರಿನ ಪದರ ನಡುವೆ ಬಂದರೆ ತುದಿಗಳು ಟೈಲ್ಸ್‌ಗೆ ತಾಗುವುದೇ ಇಲ್ಲ. ಪಾದ ನೆನೆದರಂತೂ ಇನ್ನೂ ಕಷ್ಟ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಟೆಫ್ಲಾನ್ ಮಾತ್ರ ಉಲ್ಟಾ. ಒಣಗಿದ್ದಾಗ ಹಲ್ಲಿ ಅದರ ಮೇಲೆ ಜಾರುತ್ತದೆ, ಒದ್ದೆಯಾದರೆ ಹಿಡಿತ ಜಾಸ್ತಿಯಾಗುತ್ತದೆ!